ನೆಲ ನಿಜಕ್ಕೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕ್ರಿಕೆಟ್ ಆಡುವಾಗ ಬ್ಯಾಟು ಸರಿಯಿಲ್ಲ ಅಂದರೂ ಇದೇ ಗಾದೆ, ಫಿಟ್ಟಿಂಗ್ ಶಾಪಿನಲ್ಲಿ ಅರ ಸವೆದಿದೆ ಅಂದರೂ ಇದೇ ಗಾದೆ. ನೆಪ ಹೇಳುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಮಾತಿಲ್ಲ, ನಿಜ. ಆದರೆ ಅದರಲ್ಲೊಂದು ಕೊರತೆ ಇದೆ. ಅಲ್ಲಿದ್ದವರೆಲ್ಲ ನಕ್ಕರೇ ಹೊರತು, ಒಬ್ಬರೂ ರಸಮಟ್ಟ ತಂದು ಆ ನೆಲದ ಮೇಲಿಟ್ಟು ನೋಡಲಿಲ್ಲ. ಎಂಜಿನಿಯರಿಂಗ್ ಓದುವ ನಾವಾದರೂ ಆ ಕೆಲಸ ಮಾಡಬೇಡವೇ?

ಈ ಮಾತು ಎತ್ತಲು ಕಾರಣ ಸಣ್ಣ ವಿಮಾನಗಳ ತರಬೇತಿ. ವಿಮಾನ ಇಳಿಸುವ ಹೊತ್ತಿನಲ್ಲಿ ಕಾಕ್‌ಪಿಟ್‌ನ ಒಂದು ಲಿವರ್ ಬದಲು ಇನ್ನೊಂದಕ್ಕೆ ಕೈ ಹೋಗಿ ಆಗುವ ಅವಘಡಗಳಿಗೆ ಜನ ಕೊಡುವ ಹೆಸರು ಒಂದೇ, ‘ಪೈಲಟ್ ತಪ್ಪು’. ಅಷ್ಟು ಬರೆದು ಫೈಲು ಮುಚ್ಚಿದರೆ ಎಲ್ಲರಿಗೂ ಸಮಾಧಾನ. ನಮಗೆ ಮಾತ್ರ ಅಲ್ಲಿಗೆ ಸಮಾಧಾನ ಆಗಬಾರದು ಅನ್ನುವುದು ಈ ಲೇಖನದ ವಾದ. ಯಾವುದರ ಪಕ್ಕ ಯಾವುದಿತ್ತು, ಎರಡೂ ಕೈಗೆ ಒಂದೇ ಥರ ಸಿಗುತ್ತಿದ್ದವಾ, ಆ ಕ್ಷಣದಲ್ಲಿ ಕಣ್ಣು ಎಲ್ಲಿತ್ತು ಅಂತ ಕೇಳುವ ತನಕ ಎಂಜಿನಿಯರ್ ಕೆಲಸ ಶುರುವೇ ಆಗಿಲ್ಲ ಅಂತ ಲೆಕ್ಕ.

ಚಕ್ರ ನೆಲ ಮುಟ್ಟಿದ ಮೇಲೆ

ಚಕ್ರಗಳು ಒಳಗೆ ಮಡಚಿಕೊಳ್ಳುವಂಥ ಸಣ್ಣ ವಿಮಾನ ಒಂದನ್ನು ಊಹಿಸಿಕೊಳ್ಳಿ. ಎಡ ಸೀಟಿನಲ್ಲಿ ಕಲಿಯುವವರು, ಬಲ ಸೀಟಿನಲ್ಲಿ ಇನ್‌ಸ್ಟ್ರಕ್ಟರ್. ಇಳಿಯುವಾಗ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಕೆಳಗೆ ಬಿಟ್ಟಿರುತ್ತಾರೆ. ಫ್ಲ್ಯಾಪ್ ಕೆಳಗಿದ್ದರೆ ಕಡಿಮೆ ವೇಗದಲ್ಲೂ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಚಕ್ರ ನೆಲ ಮುಟ್ಟಿದ ಮೇಲೆ ಅದೇ ಗುಣ ತೊಂದರೆ ಕೊಡುತ್ತದೆ. ರೆಕ್ಕೆ ಇನ್ನೂ ಭಾರ ಹೊತ್ತಿರುವುದರಿಂದ ಟೈರಿಗೆ ಹಿಡಿತ ಸಿಗುವುದಿಲ್ಲ, ಬ್ರೇಕ್ ಕಚ್ಚುವುದಿಲ್ಲ. ಅದಕ್ಕೇ ಬೇಗ ಫ್ಲ್ಯಾಪ್ ಮೇಲೆತ್ತುವ ಆತುರ. ಮುಟ್ಟಿದ ಕೂಡಲೇ ಮತ್ತೆ ಹಾರುವ ‘ಟಚ್ ಅಂಡ್ ಗೋ’ ಅಭ್ಯಾಸದಲ್ಲಂತೂ ಈ ಆತುರ ಇನ್ನೂ ಹೆಚ್ಚು. ರನ್‌ವೇ ಮುಗಿಯುವುದರೊಳಗೆ ಫ್ಲ್ಯಾಪ್ ಎತ್ತಬೇಕು, ಥ್ರಾಟಲ್ ಪೂರ್ತಿ ಕೊಡಬೇಕು, ವಿಮಾನ ನೇರ ಓಡುವಂತೆ ನೋಡಿಕೊಳ್ಳಬೇಕು.

ಆಗ ಬಲಗೈ ಫ್ಲ್ಯಾಪ್ ಲಿವರ್‌ಗೆ ಅಂತ ಹೋಗುತ್ತದೆ. ಕಣ್ಣು ರನ್‌ವೇ ಮೇಲೇ ಇರುತ್ತದೆ, ಇರಲೇಬೇಕು. ಕೈಗೆ ಸಿಕ್ಕಿದ್ದು ಪಕ್ಕದ ಗೇರ್ ಲಿವರ್. ಮೇಲೆತ್ತಿದರು. ಚೆನ್ನಾಗಿಯೇ ಇಳಿದಿದ್ದ ವಿಮಾನ ನಿಂತ ಕಾಲು ಮಡಚಿ ಹೊಟ್ಟೆಯ ಮೇಲೆ ಕುಸಿಯುತ್ತದೆ. ಎಷ್ಟೋ ಸಲ ಒಳಗಿದ್ದವರು ಗಾಯವಿಲ್ಲದೆ ಹೊರಗೆ ಬರುತ್ತಾರೆ. ಆದರೆ ಪ್ರೊಪೆಲ್ಲರ್ ಬಾಗಿರುತ್ತದೆ, ತಿರುಗುತ್ತಿದ್ದ ಎಂಜಿನ್ ಏಕಾಏಕಿ ನಿಂತದ್ದರಿಂದ ಅದನ್ನು ಬಿಚ್ಚಿ ಪರೀಕ್ಷಿಸದೆ ಮತ್ತೆ ಹಾರಿಸುವ ಹಾಗಿಲ್ಲ, ಹೊಟ್ಟೆಯ ತಗಡು ಹರಿದಿರುತ್ತದೆ. ಕಲಿಯುವವರ ಆತ್ಮವಿಶ್ವಾಸಕ್ಕೆ ಬಿದ್ದ ಪೆಟ್ಟು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

‘ನೆಲದ ಮೇಲಿರುವಾಗ ಚಕ್ರ ಮಡಚದ ಹಾಗೆ ಒಂದು ಸ್ವಿಚ್ ಇಡಬಾರದಿತ್ತಾ’ ಅಂತ ನೀವು ಕೇಳಬಹುದು. ಇಟ್ಟಿರುತ್ತಾರೆ. ಅದರ ಹೆಸರು ಸ್ಕ್ವಾಟ್ ಸ್ವಿಚ್. ಭಾರ ಬಿದ್ದು ಚಕ್ರದ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಅದು ಗೇರ್ ಮೋಟಾರಿನ ಕರೆಂಟ್ ತಡೆಯುತ್ತದೆ. ಆದರೆ ಆಗಷ್ಟೇ ಇಳಿದ ವಿಮಾನದಲ್ಲಿ ಭಾರದ ಒಂದು ಪಾಲನ್ನು ರೆಕ್ಕೆ ಇನ್ನೂ ಹೊತ್ತಿದೆ ಅಂದೆವಲ್ಲ, ಅಬ್ಸಾರ್ಬರ್ ಪೂರ್ತಿ ಕುಗ್ಗಿರುವುದೇ ಇಲ್ಲ. ರನ್‌ವೇಯ ಒಂದು ಸಣ್ಣ ಉಬ್ಬು ಸಿಕ್ಕಿ ಚಕ್ರ ಹಗುರಾದರೂ ಸಾಕು, ಮೋಟಾರ್ ಓಡುತ್ತದೆ. ಕೈ ತಪ್ಪುವ ಸಾಧ್ಯತೆ ಯಾವ ಹೊತ್ತಿನಲ್ಲಿ ಹೆಚ್ಚೋ, ಕಾವಲುಗಾರ ಸರಿಯಾಗಿ ಅದೇ ಹೊತ್ತಿನಲ್ಲಿ ತೂಕಡಿಸುತ್ತಾನೆ. ಇದು ಪೈಲಟ್‌ನ ಸ್ವಭಾವದ ಪ್ರಶ್ನೆಯಲ್ಲ, ಸೆನ್ಸರ್ ಯಾವ ಸ್ಥಿತಿಯನ್ನು ನಿಜವಾಗಿ ಅಳೆಯುತ್ತಿದೆ ಅನ್ನುವ ಪ್ರಶ್ನೆ. ನಮ್ಮ ಸಿಲಬಸ್ಸಿನದೇ ಪ್ರಶ್ನೆ.

ಮೂರು ಗುಂಡಿಗಳ ಸಾಲು

ಕಲಿಯುವವರು ಶುರುಮಾಡುವುದು ಬಹುಪಾಲು ಸೆಸ್ನಾ 152, 172ರಂಥ ವಿಮಾನಗಳಲ್ಲಿ. ಅವುಗಳಲ್ಲಿ ಮಾಮೂಲಿಯಾಗಿ ಚಕ್ರ ಮಡಚುವ ಗೋಜಿಲ್ಲ. ಹಾಗಂತ ಕೈ ತಪ್ಪುವ ಜಾಗವೇ ಇಲ್ಲ ಅಂತಲ್ಲ. ಕಾರ್ಬ್ಯುರೇಟರ್ ಎಂಜಿನ್ ಇರುವ ಸೆಸ್ನಾದ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ, ತಳ್ಳುವ ಗುಂಡಿಗಳು ಒಂದೇ ಸಾಲಿನಲ್ಲಿವೆ. ಎಡಕ್ಕೆ ಕಾರ್ಬ್ ಹೀಟ್, ನಡುವೆ ಥ್ರಾಟಲ್, ಬಲಕ್ಕೆ ಮಿಕ್ಸ್ಚರ್.

ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಗಂಟಲಿನಲ್ಲಿ ಹಾಯುವಾಗ ಉಷ್ಣತೆ ಥಟ್ಟನೆ ಇಳಿಯುತ್ತದೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಗಾಳಿಯಲ್ಲಿ ತೇವ ಇದ್ದರೆ ಒಳಗೆ ಮಂಜು ಕಟ್ಟಬಹುದು. ಅದಕ್ಕೆ ಇಳಿಯಲು ಎಂಜಿನ್ ವೇಗ ತಗ್ಗಿಸುವ ಮುನ್ನ ಕಾರ್ಬ್ ಹೀಟ್ ಗುಂಡಿ ಎಳೆದು ಬಿಸಿಗಾಳಿ ಒಳಗೆ ಬಿಡುತ್ತಾರೆ. ಆ ಗುಂಡಿ ಬದಲು ಮಿಕ್ಸ್ಚರ್ ಎಳೆದರೆ? ಮಿಕ್ಸ್ಚರ್ ಪೂರ್ತಿ ಎಳೆಯುವುದು ಅಂದರೆ ಇಂಧನ ನಿಲ್ಲಿಸುವುದು. ನೆಲದ ಮೇಲೆ ಎಂಜಿನ್ ಆಫ್ ಮಾಡುವುದೇ ಹಾಗೆ. ರನ್‌ವೇ ಸುತ್ತ ಸಾವಿರ ಅಡಿ ಎತ್ತರದಲ್ಲಿ ಸುತ್ತುತ್ತಿರುವಾಗ ಹೀಗಾದರೆ ಎಂಜಿನ್ ತಣ್ಣಗಾಗುತ್ತದೆ. ತಕ್ಷಣ ಹೊಳೆದು ವಾಪಸ್ ತಳ್ಳಿದರೆ ಗಾಳಿಗೆ ತಿರುಗುತ್ತಿರುವ ಪ್ರೊಪೆಲ್ಲರ್ ಎಂಜಿನ್ನನ್ನು ಮತ್ತೆ ಹಿಡಿಸಿಕೊಡುತ್ತದೆ. ಹೊಳೆಯದಿದ್ದರೆ ‘ಎಂಜಿನ್ ಕೆಟ್ಟಿತು’ ಅಂತ ಅಂದುಕೊಂಡು ಗದ್ದೆ, ಮೈದಾನ ಹುಡುಕುವ ಸರದಿ.

ಇಲ್ಲಿ ತಯಾರಕರು ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಮಿಕ್ಸ್ಚರ್ ಗುಂಡಿ ಕೆಂಪು ಬಣ್ಣದ್ದು, ಅದರ ಅಂಚು ಹಲ್ಲುಹಲ್ಲಾಗಿ ಕೈಗೆ ತಿಳಿಯುತ್ತದೆ. ಥ್ರಾಟಲ್ ನುಣುಪು. ಅನೇಕ ಸೆಸ್ನಾಗಳಲ್ಲಿ ಮಿಕ್ಸ್ಚರನ್ನು ಒಂದೇ ಸಲಕ್ಕೆ ಎಳೆಯಬೇಕಾದರೆ ನಡುವಿನ ಸಣ್ಣ ಬಟನ್ ಒತ್ತಿ ಹಿಡಿಯಲೇಬೇಕು. ಅಪಾಯದ ಕೆಲಸಕ್ಕೆ ಕೈ ಒಂದು ಹೆಜ್ಜೆ ಹೆಚ್ಚು ಹಾಕುವಂತೆ ಮಾಡಿದ್ದಾರೆ. ಇದೇ ಬೇಕಾದದ್ದು.

ಇನ್ನು ವಿಮಾನ ಬದಲಾದಾಗಿನ ಕಥೆ. ಪೈಪರ್ ಕಂಪನಿಯ ಪಿಎ-28 ಸಾಲಿನ ಬಹಳಷ್ಟು ವಿಮಾನಗಳಲ್ಲಿ ಥ್ರಾಟಲ್, ಮಿಕ್ಸ್ಚರ್ ಎರಡೂ ಲಿವರ್‌ಗಳು. ಕಾರ್ಬ್ ಹೀಟ್ ಅವುಗಳ ಬಲಕ್ಕೆ ಬೇರೆಯಾಗಿದೆ. ಫ್ಲ್ಯಾಪ್‌ಗೆ ಎರಡು ಸೀಟಿನ ನಡುವೆ ಕಾರಿನ ಹ್ಯಾಂಡ್‌ಬ್ರೇಕಿನಂಥ ಹಿಡಿ. ಸೆಸ್ನಾ 172ರಲ್ಲಿ ಅದೇ ಕೆಲಸಕ್ಕೆ ಡ್ಯಾಶ್‌ಬೋರ್ಡಿನಲ್ಲೊಂದು ಪುಟ್ಟ ಸ್ವಿಚ್. ಐವತ್ತು ಗಂಟೆ ಒಂದರಲ್ಲಿ ಹಾರಿದವರ ಕೈ ಇನ್ನೊಂದರಲ್ಲಿ ಹಳೆಯ ಜಾಗಕ್ಕೇ ಹೋದರೆ ಅದನ್ನು ಅಜಾಗರೂಕತೆ ಅನ್ನಬೇಕೋ, ಚೆನ್ನಾಗಿ ಕಲಿತದ್ದರ ಗುರುತು ಅನ್ನಬೇಕೋ?

1943ರ ರಬ್ಬರ್ ಚಕ್ರ

ಈ ರಸಮಟ್ಟ ಹಿಡಿದು ನೋಡುವ ಕೆಲಸ ಎರಡನೇ ಮಹಾಯುದ್ಧದ ಕಾಲದಲ್ಲೇ ಆಗಿದೆ. ಅಮೆರಿಕದ ಬಿ-17 ಬಾಂಬರ್‌ಗಳು ಯುದ್ಧ ಮುಗಿಸಿ ಬಂದು ಸುರಕ್ಷಿತವಾಗಿ ಇಳಿದ ಮೇಲೆ, ಪೈಲಟ್‌ಗಳು ಫ್ಲ್ಯಾಪ್ ಎತ್ತುವ ಬದಲು ಚಕ್ರ ಎತ್ತಿಬಿಡುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನಿಗೆ 1943ರ ಸುಮಾರಿಗೆ ಈ ಸಮಸ್ಯೆ ಒಪ್ಪಿಸಲಾಯಿತು. ಆತ ಪೈಲಟ್‌ಗಳ ಮನಸ್ಸು ಪರೀಕ್ಷಿಸುವ ಮೊದಲು ಕಾಕ್‌ಪಿಟ್ ನೋಡಿದ. ಬಿ-17ರಲ್ಲಿ ಫ್ಲ್ಯಾಪ್, ಗೇರ್ ಎರಡರ ಸ್ವಿಚ್ಚೂ ಒಂದೇ ರೂಪದ್ದು, ಅಕ್ಕಪಕ್ಕದಲ್ಲೇ ಇದ್ದವು. ಸಿ-47ರಲ್ಲಿ, ಅಂದರೆ ನಮ್ಮ ವಾಯುಪಡೆಯೂ ಹಾರಿಸಿದ ಡಕೋಟಾದಲ್ಲಿ, ಅವೆರಡರ ವ್ಯವಸ್ಥೆ ಬೇರೆ ಬೇರೆ. ಅಲ್ಲಿ ಈ ತೊಂದರೆ ಇರಲಿಲ್ಲ. ಅದೇ ಸೇನೆ, ಅದೇ ತರಬೇತಿ. ಬೇರೆ ಇದ್ದದ್ದು ಕೈಗೆ ಸಿಗುವ ವಸ್ತು ಮಾತ್ರ.

ಆತ ಸೂಚಿಸಿದ ಪರಿಹಾರಕ್ಕೆ ದೊಡ್ಡ ಗಣಿತ ಬೇಕಿರಲಿಲ್ಲ. ಗೇರ್ ಲಿವರ್‌ನ ತುದಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಲಿವರ್‌ನ ತುದಿಗೆ ಬೆಣೆಯಾಕಾರದ ತುಂಡು. ಕತ್ತಲಲ್ಲಿ, ಕೈಗವಸು ಹಾಕಿಕೊಂಡರೂ ಬೆರಳಿಗೆ ಗೊತ್ತಾಗುತ್ತದೆ. ಇವತ್ತಿನ ವಿಮಾನಗಳಲ್ಲೂ ಗೇರ್ ಲಿವರ್‌ನ ತುದಿಯಲ್ಲಿ ಚಕ್ರದ ಆಕಾರ ಇರುವುದು ಅಲ್ಲಿಂದ ಬಂದ ಪದ್ಧತಿ.

ಯುದ್ಧ ಮುಗಿದ ಮೇಲೆ, 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬಿಬ್ಬರು ಇದನ್ನು ಇನ್ನೂ ಕ್ರಮವಾಗಿ ನೋಡಿದರು. ಕಂಟ್ರೋಲ್ ಬಳಸುವಾಗ ತಾವೇ ಮಾಡಿದ ಅಥವಾ ಬೇರೆಯವರು ಮಾಡಿದ್ದನ್ನು ಕಂಡ ತಪ್ಪುಗಳನ್ನು ವಿವರಿಸಿ ಅಂತ ಪೈಲಟ್‌ಗಳನ್ನೇ ಕೇಳಿದರು. 460 ಪ್ರಸಂಗಗಳು ಸಿಕ್ಕವು. ಅವುಗಳಲ್ಲಿ ಅರ್ಧದಷ್ಟು ಒಂದೇ ಜಾತಿಯವು, ಒಂದು ಕಂಟ್ರೋಲ್ ಬದಲು ಇನ್ನೊಂದನ್ನು ಹಿಡಿದದ್ದು. ಅನುಭವ ಎಷ್ಟೇ ಇರಲಿ, ಹೆಚ್ಚುಕಮ್ಮಿ ಎಲ್ಲ ಪೈಲಟ್‌ಗಳೂ ಒಂದಲ್ಲ ಒಂದು ಸಲ ಹೀಗೆ ಮಾಡುತ್ತಾರೆ ಅನ್ನುವುದು ಅವರಿಗೆ ಕಂಡ ಸತ್ಯ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಬಿ-25 ವಿಮಾನದಲ್ಲಿ ಎಡದಿಂದ ಬಲಕ್ಕೆ ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್ಚರ್. ಸಿ-47ರಲ್ಲಿ ಪ್ರೊಪೆಲ್ಲರ್, ಥ್ರಾಟಲ್, ಮಿಕ್ಸ್ಚರ್. ಸಿ-82ರಲ್ಲಿ ಮಿಕ್ಸ್ಚರ್, ಥ್ರಾಟಲ್, ಪ್ರೊಪೆಲ್ಲರ್. ಒಂದೇ ದೇಶದ ಒಂದೇ ಸೇನೆಗೆ ಮಾಡಿಕೊಟ್ಟ ವಿಮಾನಗಳು ಇವು. ಮೂರು ಬೈಕಿನಲ್ಲಿ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರು ಥರ ಇಟ್ಟು, ‘ಹುಷಾರಾಗಿ ಓಡ್ಸಿ’ ಅಂದ ಹಾಗಾಯಿತು.

24ರಲ್ಲಿ 16

ಇಷ್ಟೆಲ್ಲ ಗೊತ್ತಾದ ಮೇಲೆ ಸಮಸ್ಯೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಸಣ್ಣ ವಿಮಾನಗಳ ಬಗ್ಗೆ ಒಂದು ವಿಶೇಷ ತನಿಖಾ ವರದಿ ತಂದಿತು. 1975ರಿಂದ 1978ರವರೆಗೆ ಪೈಲಟ್‌ಗಳು ಅರಿಯದೆ ಚಕ್ರ ಮಡಚಿದ ಅಪಘಾತಗಳನ್ನು ಅದು ಲೆಕ್ಕ ಹಾಕಿತ್ತು. ಒಂಟಿ ಎಂಜಿನ್ನಿನ, ಚಕ್ರ ಮಡಚುವ ವಿಮಾನಗಳಲ್ಲಿ ಬೀಚ್‌ಕ್ರಾಫ್ಟ್ ಬೊನಾಂಜಾದ ಪಾಲು ಸುಮಾರು ಶೇ. 30 ಮಾತ್ರ. ಆದರೆ ಇಂಥ 24 ಅಪಘಾತಗಳಲ್ಲಿ 16 ಅದರವೇ. ಎರಡು ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಬ್ಯಾರನ್‌ನ ಪಾಲು ಶೇ. 16. ಅಪಘಾತಗಳಲ್ಲಿ ಮಾತ್ರ 39ಕ್ಕೆ 21.

ಅಜಾಗರೂಕ ಪೈಲಟ್‌ಗಳೆಲ್ಲ ಸೇರಿ ಬೊನಾಂಜಾ, ಬ್ಯಾರನ್‌ಗಳನ್ನೇ ಆರಿಸಿಕೊಂಡರು ಅನ್ನೋಣವೇ? ವರದಿಯ ಹೆಸರಿನಲ್ಲೇ ಉತ್ತರ ಇತ್ತು. ಈ ಅಪಘಾತಗಳನ್ನು ಅದು ‘ವಿನ್ಯಾಸ ತಂದಿಟ್ಟವು’ ಎಂಬರ್ಥದ ಮಾತಿನಲ್ಲಿ ಕರೆದಿತ್ತು. ಬೇರೆ ತಯಾರಕರ ವಿಮಾನಗಳಲ್ಲಿ ಸಾಮಾನ್ಯವಾಗಿ ಗೇರ್ ಲಿವರ್ ಥ್ರಾಟಲ್‌ನ ಎಡಕ್ಕೆ, ಫ್ಲ್ಯಾಪ್ ಬಲಕ್ಕೆ. ಆ ಕಾಲದ ಬೊನಾಂಜಾ, ಬ್ಯಾರನ್‌ಗಳಲ್ಲಿ ಅದು ತಿರುವುಮುರುವು. ಗೇರ್ ಲಿವರ್ ಸುಮ್ಮನೆ ಜಾರದಂತೆ ತಡೆಯುವ ಕೊಂಡಿ ಸಾಲದು. ಸ್ಟಿಯರಿಂಗ್ ಜೋಡಿಸಿದ ಅಡ್ಡ ಪಟ್ಟಿಯೊಂದು ಕಣ್ಣಿಗೂ ಕೈಗೂ ಅಡ್ಡ ಬರುತ್ತಿತ್ತು. ಬೇರೆ ವಿಮಾನದಲ್ಲಿ ಕಲಿತು ಇದಕ್ಕೆ ಬಂದವರ ಕೈ ತನ್ನ ಪಾಠವನ್ನು ನಿಯತ್ತಾಗಿ ಒಪ್ಪಿಸಿತು, ವಿಮಾನ ಕುಸಿಯಿತು.

ಇಲ್ಲೊಂದು ಸೂಕ್ಷ್ಮ ಇದೆ.  ಚಪಾನಿಸ್‌ನ ಉಪಾಯ ಒಂದೇ ಸಾಲದು. ಕೈ ಮೊದಲು ನಂಬುವುದು ಜಾಗವನ್ನು, ಆಕಾರ ನೋಡುವುದು ಆಮೇಲೆ. ಆತುರ ಇದ್ದರೆ ಆ ‘ಆಮೇಲೆ’ ಬರುವುದೇ ಇಲ್ಲ. ಆದ್ದರಿಂದ ಜಾಗ, ಆಕಾರ, ತಡೆ, ಸೆನ್ಸರ್ ಎಲ್ಲ ಒಂದರ ಹಿಂದೆ ಒಂದು ನಿಲ್ಲಬೇಕು. ಗೇರ್ ಎಡಕ್ಕೆ, ಫ್ಲ್ಯಾಪ್ ನಡುವೆ ಇಲ್ಲವೇ ಬಲಕ್ಕೆ, ಒಂದಕ್ಕೆ ಚಕ್ರದ ರೂಪ, ಇನ್ನೊಂದಕ್ಕೆ ರೆಕ್ಕೆಯ ರೂಪ ಅನ್ನುವುದು ಅಮೆರಿಕದ ಸಣ್ಣ ವಿಮಾನಗಳ ನಿಯಮಗಳಲ್ಲಿ ಸೇರಿತು. ಬೀಚ್‌ಕ್ರಾಫ್ಟ್ ಕೂಡ 1980ರ ದಶಕದಲ್ಲಿ ತನ್ನ ಲಿವರ್‌ಗಳನ್ನು ಎಲ್ಲರ ದಾರಿಗೆ ತಂದಿತು.

ಹಾಗಾದರೆ ಪೈಲಟ್‌ಗೆ ಹೊಣೆಯೇ ಇಲ್ಲವಾ?

ಇದೆ. ಇದನ್ನು ಹೇಳದಿದ್ದರೆ ನಮ್ಮ ವಾದ ಗಾದೆಯ ಕುಣಿಯಲಾರದವಳ ವಾದವೇ ಆಗುತ್ತದೆ. ಅಮೆರಿಕದ ವಿಮಾನಯಾನ ಆಡಳಿತದ ತರಬೇತಿ ಕೈಪಿಡಿ, ಇಳಿದ ಮೇಲೆ ರನ್‌ವೇ ಬಿಟ್ಟು ಈಚೆ ಬಂದ ನಂತರವೇ ಫ್ಲ್ಯಾಪ್ ಎತ್ತಿ, ಎತ್ತುವ ಮುನ್ನ ಹಿಡಿದ ಲಿವರ್ ಯಾವುದು ಅಂತ ಖಚಿತ ಮಾಡಿಕೊಳ್ಳಿ ಅನ್ನುತ್ತದೆ. ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಇದನ್ನೇ ಹಾಡಿನಂತೆ ಬಾಯಿಪಾಠ ಮಾಡಿಸುತ್ತಾರೆ. ಮುಟ್ಟು, ನೋಡು, ಬಾಯಿಬಿಟ್ಟು ಹೆಸರು ಹೇಳು, ಆಮೇಲೆ ಎಳೆ. ಚಕ್ರ ಮಡಚುವ ವಿಮಾನಗಳಲ್ಲಿ ಟಚ್ ಅಂಡ್ ಗೋ ಮಾಡಿಸದ ಇನ್‌ಸ್ಟ್ರಕ್ಟರ್‌ಗಳೂ ಇದ್ದಾರೆ. ಪೂರ್ತಿ ನಿಲ್ಲಿಸಿ, ವಾಪಸ್ ಬಂದು, ಮತ್ತೆ ಹಾರು. ಇದರಲ್ಲಿ ಸಮಯ, ಇಂಧನ ಎರಡೂ ಹೆಚ್ಚು ಖರ್ಚಾಗುತ್ತದೆ. ಆದರೂ ಸರಿಯಾದ ಖರ್ಚು ಅದು.

ಆದರೆ ತರಬೇತಿ ಮತ್ತು ವಿನ್ಯಾಸದ ನಡುವೆ ಒಂದು ವ್ಯತ್ಯಾಸ ಇದೆ. ತರಬೇತಿಯನ್ನು ಪ್ರತಿ ವಿದ್ಯಾರ್ಥಿಗೂ ಹೊಸದಾಗಿ ಕೊಡಬೇಕು. ನಿದ್ದೆಗೆಟ್ಟ ದಿನ, ಅಡ್ಡಗಾಳಿ ಬೀಸುವ ದಿನ, ಇನ್‌ಸ್ಟ್ರಕ್ಟರ್ ಗದರಿದ ದಿನ ಅದು ಅಷ್ಟಷ್ಟು ಸವೆಯುತ್ತದೆ. ವಿನ್ಯಾಸವನ್ನು ಒಂದು ಸಲ ಸರಿ ಮಾಡಿದರೆ ಅದು ಮುಂದೆ ಬರುವ ಎಲ್ಲರಿಗೂ, ಎಲ್ಲ ದಿನವೂ ಕಾವಲಿರುತ್ತದೆ. ಇನ್ನೊಂದು ವಿಷಯ. ಇಲ್ಲಿ ತಪ್ಪು ಮಾಡಿದವರಿಗೆ ಏನು ಮಾಡಬೇಕು ಅನ್ನುವುದು ಸರಿಯಾಗಿಯೇ ಗೊತ್ತಿತ್ತು. ಉದ್ದೇಶ ಸರಿ, ತಪ್ಪಿದ್ದು ಕೈ. ಗೊತ್ತಿಲ್ಲದವರಿಗೆ ಪಾಠ ಮಾಡಬಹುದು. ಗೊತ್ತಿದ್ದೂ ಕೈ ತಪ್ಪಿದವರಿಗೆ ‘ಇನ್ಮೇಲೆ ಹುಷಾರು’ ಅನ್ನುವುದರಿಂದ ಏನು ಬದಲಾಗುತ್ತದೆ? ಅವರು ಆಗಲೇ ಹುಷಾರಾಗಿದ್ದರು, ರನ್‌ವೇ ಬಗ್ಗೆ.

ಹಾಗಾಗಿ ನಾವು ಹೊಣೆಯನ್ನು ಪೈಲಟ್‌ನಿಂದ ಕಿತ್ತು ಡಿಸೈನರ್ ತಲೆಗೆ ಕಟ್ಟಿ ಅಂತ ಹೇಳುತ್ತಿಲ್ಲ. ಇಬ್ಬರ ಹೊಣೆಯನ್ನೂ ಬೇರೆ ಬೇರೆ ಬರೆಯಿರಿ ಅನ್ನುತ್ತಿದ್ದೇವೆ. ಪೈಲಟ್‌ನ ಹೆಸರಿನ ಮುಂದೆ ಒಂದು ಸಾಲು, ಲಿವರ್‌ನ ಜಾಗದ ಮುಂದೆ ಇನ್ನೊಂದು ಸಾಲು. ಎರಡನೆಯ ಸಾಲು ಖಾಲಿ ಬಿಟ್ಟರೆ ಅದೇ ಅಪಘಾತ ಇನ್ನೊಬ್ಬರ ಹೆಸರಿನಲ್ಲಿ ಮತ್ತೆ ಬರುತ್ತದೆ.

ಬೆಂಗಳೂರಿನ ಹಂಸ

ಇದು ದೂರದ ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. ಜಕ್ಕೂರಿನಲ್ಲಿ ನಮ್ಮ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ತರಬೇತಿಗೆ ಅಂತಲೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಾವೆಲ್ಲ ಎನ್‌ಎಎಲ್ ಅನ್ನುವ ಸಂಸ್ಥೆ, ರೂಪಿಸಿದ ಎರಡು ಸೀಟಿನ ‘ಹಂಸ’ 1993ರಲ್ಲಿ ಮೊದಲು ಹಾರಿತು. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಹಾರಾಟ ಮಾಡಿತು. ನಮ್ಮ ವಾದದ ಕಣ್ಣಿನಿಂದ ಅದನ್ನು ನೋಡಿ. ಚಕ್ರಗಳು ಸ್ಥಿರ, ಅಂದರೆ ಗೇರ್ ಲಿವರೇ ಇಲ್ಲ. ಎಂಜಿನ್ ಡಿಜಿಟಲ್ ನಿಯಂತ್ರಣದ ರೋಟ್ಯಾಕ್ಸ್. ಇಂಥ ಎಂಜಿನ್‌ಗಳಲ್ಲಿ ಗಾಳಿಗೆ ಎಷ್ಟು ಇಂಧನ ಬೆರೆಸಬೇಕು ಅನ್ನುವುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಮಿಕ್ಸ್ಚರ್ ಗುಂಡಿ ಬೇಕಿಲ್ಲ. ಇಲ್ಲದ ಲಿವರ್ ಮೇಲೆ ಕೈ ತಪ್ಪಿ ಬೀಳುವುದಿಲ್ಲ. ವಿನ್ಯಾಸದಲ್ಲಿ ಇದಕ್ಕಿಂತ ಗಟ್ಟಿ ಉತ್ತರ ಇನ್ನೊಂದಿಲ್ಲ.

ಹಾಗಂತ ಗೆದ್ದೆವು ಅನ್ನುವ ಹಾಗೂ ಇಲ್ಲ. ಹಂಸ-ಎನ್‌ಜಿಯಲ್ಲಿ ಮುಳ್ಳಿನ ಮೀಟರ್‌ಗಳ ಬದಲು ಗ್ಲಾಸ್ ಕಾಕ್‌ಪಿಟ್ ಬಂದಿದೆ. ಇಂಥ ಪರದೆಗಳಲ್ಲಿ ಒಂದೇ ಬಟನ್ನು ಪುಟ ಬದಲಾದ ಹಾಗೆ ಬೇರೆ ಬೇರೆ ಕೆಲಸ ಮಾಡಬಹುದು. ಲಿವರ್‌ಗಾದರೆ ಆಕಾರ ಕೊಡಬಹುದಿತ್ತು, ಪರದೆಯ ಮೇಲಿನ ಚೌಕಕ್ಕೆ ಬೆರಳಿಗೆ ತಿಳಿಯುವ ಆಕಾರ ಎಲ್ಲಿಂದ ತರೋದು? ಮುಂದಿನ ತರಬೇತಿ ವಿಮಾನಗಳ ಸಾಫ್ಟ್‌ವೇರ್ ಬರೆಯುವವರು ಇವತ್ತು ನಮ್ಮ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರಬಹುದು. ಆ ಪ್ರಶ್ನೆ ಅವರಿಗಾಗಿ ಕಾದು ಕೂತಿದೆ.

ನಮ್ಮ ವರ್ಕ್‌ಶಾಪಿನ ಪಾಠ

ಮೆಕ್ಯಾನಿಕಲ್‌ನವರಿಗೆ ಇದು ಹೊಸದಲ್ಲ. ಲೇತ್‌ನ ಏಪ್ರನ್ ಮೇಲೆ ಆಟೋ ಫೀಡ್ ಲಿವರ್ ಇದೆ, ಥ್ರೆಡ್ ಕಟಿಂಗ್‌ಗೆ ಹಾಫ್ ನಟ್ ಲಿವರ್ ಇದೆ. ಎರಡೂ ಒಟ್ಟಿಗೆ ಹಿಡಿದರೆ ಒಳಗಿನ ಗೇರು ಪುಡಿಯಾಗುತ್ತದೆ. ಅದಕ್ಕೇ ಒಂದು ಹಾಕಿದ್ದಾಗ ಇನ್ನೊಂದು ಕದಲದ ಹಾಗೆ ಇಂಟರ್‌ಲಾಕ್ ಇಟ್ಟಿದ್ದಾರೆ. ವೆಲ್ಡಿಂಗ್ ಶಾಪಿಗೆ ಹೋಗಿ ನೋಡಿ. ಆಕ್ಸಿಜನ್ ಪೈಪಿನ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿ, ಅಸಿಟಿಲೀನ್‌ದು ಎಡಕ್ಕೆ. ತಪ್ಪಾಗಿ ಜೋಡಿಸಬೇಕು ಅಂದರೂ ಆಗುವುದಿಲ್ಲ. ‘ಸರಿಯಾಗಿ ನೋಡಿ ಜೋಡಿಸು’ ಅನ್ನುವ ಬೋರ್ಡನ್ನು ನಂಬಿ ಯಾರೂ ಕೂತಿಲ್ಲ.

ಅಡುಗೆಮನೆಯಲ್ಲೂ ಇದೇ ಪಾಠ. ನಾಲ್ಕು ಬರ್ನರಿನ ಗ್ಯಾಸ್ ಸ್ಟೌನಲ್ಲಿ ಗುಂಡಿಗಳು ಮುಂದೆ ಒಂದೇ ಸಾಲಾಗಿ, ಬರ್ನರ್‌ಗಳು ಎರಡು ಸಾಲಾಗಿ. ಹಿಂದಿನ ಎಡ ಬರ್ನರಿಗೆ ಯಾವ ಗುಂಡಿ? ಇಪ್ಪತ್ತು ವರ್ಷ ಅಡುಗೆ ಮಾಡಿದವರೂ ಒಂದು ಕ್ಷಣ ತಡೆದು ನೋಡುತ್ತಾರೆ. ಅದೇ ಚಪಾನಿಸ್ 1959ರಲ್ಲಿ ಲಿಂಡೆನ್‌ಬಾಮ್ ಎಂಬವರ ಜೊತೆ ಇದನ್ನೂ ಪರೀಕ್ಷಿಸಿದ. ನಾಲ್ಕು ಬಗೆಯ ಜೋಡಣೆ ಕೊಟ್ಟು ಜನರಿಂದ ಗುಂಡಿ ತಿರುಗಿಸಿದ. ಬರ್ನರ್‌ಗಳನ್ನು ಸ್ವಲ್ಪ ಓರೆಯಾಗಿ ಸರಿಸಿ, ಗುಂಡಿಗಳ ಕ್ರಮಕ್ಕೆ ಹೊಂದುವಂತೆ ಇಟ್ಟ ಸ್ಟೌನಲ್ಲಿ ಒಂದೂ ತಪ್ಪು ಆಗಲಿಲ್ಲ. ಉಳಿದ ಮೂರರಲ್ಲೂ ಆಯಿತು.

ನಾವು ಕೇಳುವುದು

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ವೈವಾದಲ್ಲಿ ಏನು ಕೇಳುತ್ತಾರೆ? ಕೆಲಸ ಮಾಡುತ್ತಾ, ಎಫಿಶಿಯನ್ಸಿ ಎಷ್ಟು, ಖರ್ಚೆಷ್ಟು. ‘ಇದನ್ನು ಬಳಸುವವರ ಕೈ ಎಲ್ಲಿ ತಪ್ಪಬಹುದು, ತಪ್ಪಿದರೆ ಏನಾಗುತ್ತದೆ’ ಅನ್ನುವ ಪ್ರಶ್ನೆಗೆ ಅಂಕ ಇಲ್ಲ. ಅಂಕ ಇಲ್ಲದ್ದನ್ನು ನಾವು ಓದುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ನಮ್ಮ ಮೊದಲ ಬೇಡಿಕೆ, ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ ಈ ಪ್ರಶ್ನೆಗೆ ಐದೇ ಅಂಕ ಇಡಿ. ಐದು ಸಾಕು, ಸ್ಟಾರ್ಟ್ ಮತ್ತು ಸ್ಟಾಪ್‌ಗೆ ಒಂದೇ ಅಂಗಡಿಯಿಂದ ತಂದ ಒಂದೇ ಥರದ ಎರಡು ಬಟನ್ ಹಾಕುವ ಪದ್ಧತಿ ಒಂದು ಸೆಮಿಸ್ಟರಿನಲ್ಲಿ ನಿಲ್ಲುತ್ತದೆ.

ಎರಡನೆಯದು, ಡೆಮೊಗೆ ಮುಂಚೆ ಬೇರೆ ಬ್ರಾಂಚಿನ ಜೂನಿಯರ್ ಒಬ್ಬರ ಕೈಗೆ ಪ್ರಾಜೆಕ್ಟ್ ಕೊಡಿ. ಒಂದು ಸಲ ತೋರಿಸಿ, ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಪಕ್ಕದಲ್ಲಿ ಒಬ್ಬರು ಅವಸರ ಮಾಡಲಿ. ಹತ್ತು ಸಲದಲ್ಲಿ ಎಷ್ಟು ಸಲ ಕೈ ತಪ್ಪಿತು ಅಂತ ಬರೆದುಕೊಳ್ಳಿ. ದುಡ್ಡು ಖರ್ಚಿಲ್ಲದ ಪರೀಕ್ಷೆ. ತಪ್ಪಿದ ಜೂನಿಯರ್ ದಡ್ಡ ಅಂತ ನಗುವ ಮುನ್ನ, ಬಿ-17 ಹಾರಿಸಿದವರು ದಡ್ಡರಾಗಿದ್ದರಾ ಅಂತ ಒಮ್ಮೆ ಯೋಚಿಸಿ.

ಮೂರನೆಯದು ಲ್ಯಾಬಿನ ರಿಜಿಸ್ಟರ್. ಏನಾದರೂ ಸುಟ್ಟರೆ, ಮುರಿದರೆ ಕಾರಣದ ಕಾಲಮ್ಮಿನಲ್ಲಿ ‘ವಿದ್ಯಾರ್ಥಿಯ ನಿರ್ಲಕ್ಷ್ಯ’ ಅಂತ ಬರೆದು ಫೈನ್ ಹಾಕುವುದು ಸುಲಭ. ಅದರ ಪಕ್ಕದಲ್ಲಿ ಇನ್ನೊಂದು ಕಾಲಮ್ ಎಳೆಯಿರಿ. ಯಾವ ಸ್ವಿಚ್ ಬದಲು ಯಾವುದು, ಎರಡರ ನಡುವೆ ಎಷ್ಟು ಅಂತರ, ರೂಪ ಒಂದೇ ಇತ್ತಾ. ಒಂದೇ ಮೆಷಿನ್ನಿನ ಹೆಸರು ಮೂರು ಸಲ ಬಂದರೆ ಫೈನ್ ಹಾಕಬೇಕಾದ್ದು ಯಾರಿಗೆ ಅಂತ ತಾನಾಗಿ ಗೊತ್ತಾಗುತ್ತದೆ.

ಇನ್ನು ಕನ್ನಡ ಸಂಘವಾಗಿ ನಾವು ಮಾಡಬಹುದಾದದ್ದು ಒಂದಿದೆ. ವರ್ಕ್‌ಶಾಪಿನ ಮೆಷಿನ್ನುಗಳ ಮೇಲಿನ ಬರಹ ಪೂರ್ತಿ ಇಂಗ್ಲಿಷಿನಲ್ಲಿದೆ. ಅದರ ಪಕ್ಕ ಕನ್ನಡದ ದಪ್ಪ ಅಕ್ಷರದ ಪಟ್ಟಿ ಅಂಟಿಸಲು ಅನುಮತಿ ಕೇಳೋಣ. ಅಟೆಂಡರ್‌ಗಳಿಗೂ, ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದವರಿಗೂ ಅದರಿಂದ ಅನುಕೂಲ. ಆದರೆ ಪಟ್ಟಿ ಅಂಟಿಸಿ ಕೆಲಸ ಮುಗಿಯಿತು ಅನ್ನಬಾರದು. ಅವಸರದಲ್ಲಿರುವ ಕೈ ಯಾವ ಭಾಷೆಯನ್ನೂ ಓದುವುದಿಲ್ಲ, ಅದಕ್ಕೆ ಗೊತ್ತಾಗುವುದು ಜಾಗ ಮತ್ತು ಆಕಾರ ಮಾತ್ರ. ಆದ್ದರಿಂದ ಪಟ್ಟಿ ಅಂಟಿಸುವ ದಿನವೇ, ಒತ್ತೊತ್ತಿಗೆ ಇರುವ ಒಂದೇ ರೂಪದ ಸ್ವಿಚ್ಚುಗಳ ಪಟ್ಟಿಯನ್ನೂ ಮಾಡಿ ವಿಭಾಗದ ಮುಖ್ಯಸ್ಥರಿಗೆ ಕೊಡೋಣ. ಬರುವ ಸೆಮಿಸ್ಟರ್ ಶುರುವಾಗುವ ಮುನ್ನ ಒಂದು ಶನಿವಾರ ಸಾಕು. ಬರಲು ಮನಸ್ಸಿರುವವರು ಸಂಘದವರಿಗೆ ಹೆಸರು ಕೊಡಿ, ಜೊತೆಗೊಂದು ಸ್ಕೇಲು, ನೋಟ್‌ಬುಕ್ಕು ತನ್ನಿ.